ಹಳೆಯ ಸ್ಕೂಟರಿನ ಕಿಡಿ ಎಲ್ಲಿ ತಪ್ಪುತ್ತದೆ

ಸ್ಕೂಟರ್ ಹತ್ತಿಕೊಳ್ಳದಿದ್ದರೆ ಅದನ್ನು ಎಡಕ್ಕೆ ಓರೆ ಮಾಡಿ, ಕೆಲವು ಕ್ಷಣ ಹಾಗೆಯೇ ಹಿಡಿದು, ನೆಟ್ಟಗೆ ನಿಲ್ಲಿಸಿ ಕಿಕ್ ಹೊಡೆಯುವುದು ನಮ್ಮ ದೇಶದಲ್ಲಿ ಎರಡು ತಲೆಮಾರಿನವರಿಗೆ ಅಭ್ಯಾಸವಾಗಿಬಿಟ್ಟಿತ್ತು. ಪೆಟ್ರೋಲು ಕಾರ್ಬೊರೇಟರಿಗೆ ಸರಿಯಾಗಿ ಇಳಿದಿಲ್ಲ ಎಂಬ ಊಹೆಯ ಮೇಲೆ ನಿಂತ ಉಪಾಯವದು. ಆದರೆ ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ಎರಡು ಸ್ಟ್ರೋಕಿನ ಸ್ಕೂಟರನ್ನು ಮತ್ತೆ ರಸ್ತೆಗಿಳಿಸಲು ಹೊರಟವರಿಗೆ ಬೇಗನೆ ಗೊತ್ತಾಗುವ ಸಂಗತಿಯೆಂದರೆ, ಕಾರ್ಬೊರೇಟರನ್ನು ಬಿಚ್ಚಿ ತೊಳೆದ ಮೇಲೂ ಉಳಿಯುವ ತೊಂದರೆ ಬಹುಪಾಲು ವಿದ್ಯುತ್ತಿನದು.

1972ರಲ್ಲಿ ಮಾರುಕಟ್ಟೆಗೆ ಬಂದ ಬಜಾಜ್ ಚೇತಕ್ ಮತ್ತು ಅದಕ್ಕೆ ಮೂಲವಾದ ಇಟಲಿಯ ವೆಸ್ಪಾ ಮಾದರಿಗಳಲ್ಲಿ ಕಿಡಿ ಹುಟ್ಟಲು ಬ್ಯಾಟರಿ ಬೇಕಿರಲಿಲ್ಲ. ಎಂಜಿನ್ನಿನ ಪಕ್ಕದಲ್ಲಿ ತಿರುಗುವ ಫ್ಲೈವೀಲಿನ ಒಳಸುತ್ತಿನಲ್ಲಿ ಅಯಸ್ಕಾಂತಗಳಿರುತ್ತವೆ. ಮೆಕ್ಯಾನಿಕ್‌ಗಳು ಇಡೀ ಫ್ಲೈವೀಲನ್ನೇ ‘ಮ್ಯಾಗ್ನೆಟ್’ ಎಂದು ಕರೆಯುವುದು ಇದೇ ಕಾರಣಕ್ಕೆ. ಅವು ಸುತ್ತುವಾಗ ಒಳಗೆ ಸ್ಥಿರವಾಗಿರುವ ತಂತಿಸುರುಳಿಯಲ್ಲಿ ವಿದ್ಯುತ್ ಹರಿಯುತ್ತದೆ. ‘ಪಾಯಿಂಟ್’ ಎಂಬ ಪುಟ್ಟ ಸ್ವಿಚ್ಚು ಮುಚ್ಚಿರುವವರೆಗೆ ಆ ಪ್ರವಾಹ ಅದರ ಮೂಲಕವೇ ಸುತ್ತು ಹೊಡೆಯುತ್ತಿರುತ್ತದೆ. ಫ್ಲೈವೀಲಿನ ಜೊತೆಗೇ ತಿರುಗುವ ‘ಕ್ಯಾಮ್’ ಎಂಬ ಉಬ್ಬು ತಾಗಿ ಪಾಯಿಂಟ್ ತೆರೆದ ಗಳಿಗೆಯಲ್ಲಿ ದಾರಿ ಕಡಿದುಹೋಗಿ, ಸುರುಳಿಯಲ್ಲಿ ಒಮ್ಮೆಲೇ ಕೆಲವು ನೂರು ವೋಲ್ಟ್ ಏಳುತ್ತದೆ. ಇದು ಹೊರಗಿನ ಎಚ್.ಟಿ. (ಹೈ ಟೆನ್ಷನ್, ಅಂದರೆ ಹೆಚ್ಚಿನ ವೋಲ್ಟೇಜಿನ) ಕಾಯಿಲಿಗೆ ಹೊಕ್ಕು, ಅಲ್ಲಿ ಹತ್ತಾರು ಪಟ್ಟು ಹಿಗ್ಗಿ, ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಜಿಗಿಯುತ್ತದೆ. ಎರಡು ಸ್ಟ್ರೋಕಿನ ಎಂಜಿನ್ನಿಗೆ ಪ್ರತಿ ಸುತ್ತಿಗೂ ಒಂದು ಕಿಡಿ ಬೇಕಾದ್ದರಿಂದ, ನಿಮಿಷಕ್ಕೆ 5,000 ಸುತ್ತು ತಿರುಗುವಾಗ ಈ ಇಡೀ ನಾಟಕ ಸೆಕೆಂಡಿಗೆ 83 ಸಲ ನಡೆಯುತ್ತದೆ.

ಅಯಸ್ಕಾಂತದಿಂದಲೇ ಹೆಚ್ಚಿನ ವೋಲ್ಟೇಜನ್ನು ಹುಟ್ಟಿಸಿ ಪ್ಲಗ್ಗಿಗೆ ಕೊಡುವ ಈ ‘ಮ್ಯಾಗ್ನೆಟೋ’ ಬಗೆಯ ಉಪಕರಣವನ್ನು 1902ರಲ್ಲಿ ರೂಪಿಸಿದವರು ಜರ್ಮನಿಯಲ್ಲಿ ರಾಬರ್ಟ್ ಬಾಷ್ ಅವರ ಕಾರ್ಯಾಗಾರದಲ್ಲಿದ್ದ ಎಂಜಿನಿಯರ್ ಗಾಟ್ಲೋಬ್ ಹೊನೋಲ್ಡ್. ಬಾಷ್ ಕಂಪನಿಯ ಲಾಂಛನದಲ್ಲಿ ವೃತ್ತದೊಳಗೆ ಕಾಣುವ ಆಕೃತಿ ಮ್ಯಾಗ್ನೆಟೋದ ಆರ್ಮೇಚರೇ, ಅಂದರೆ ತಂತಿ ಸುತ್ತುವ ಕಬ್ಬಿಣದ ತಿರುಳೇ ಆಗಿದೆ. ಬೆಂಗಳೂರಿನ ಆಡುಗೋಡಿಯಲ್ಲಿ ಪ್ಲಗ್ಗುಗಳನ್ನು ತಯಾರಿಸುತ್ತಿದ್ದ ಮೈಕೋ ಇದೇ ಬಾಷ್‌ನ ಭಾರತೀಯ ಶಾಖೆಯಾಗಿತ್ತು. 2008ರಲ್ಲಿ ಅದರ ಹೆಸರೂ ಬಾಷ್ ಎಂದೇ ಬದಲಾಯಿತು.

ಇನ್ನು ರೋಗಪತ್ತೆಯ ವಿಷಯ. ಎಲ್ಲರೂ ಮೊದಲು ಮಾಡುವ ಪರೀಕ್ಷೆ ಒಂದೇ: ಪ್ಲಗ್ ಬಿಚ್ಚಿ, ಅದರ ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈಯನ್ನು ಸಿಲಿಂಡರ್ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆಯುವುದು. ಕಿಡಿ ಕಂಡರೆ ವಿದ್ಯುತ್ ಸರಿಯಿದೆ, ತೊಂದರೆ ಪೆಟ್ರೋಲಿನದು ಎಂದು ತೀರ್ಪು ಬಂದುಬಿಡುತ್ತದೆ. ನನ್ನ ಪ್ರಕಾರ ಹಳೆಯ ಸ್ಕೂಟರುಗಳ ವಿಷಯದಲ್ಲಿ ಜನರನ್ನು ಅತಿ ಹೆಚ್ಚು ದಾರಿ ತಪ್ಪಿಸಿರುವುದು ಈ ಪರೀಕ್ಷೆಯೇ. ಅನಿಲದಲ್ಲಿ ಕಿಡಿ ಹಾರಲು ಬೇಕಾದ ವೋಲ್ಟೇಜು ಅಂತರದ ಮೇಲೆ ಮಾತ್ರವಲ್ಲದೆ ಆ ಅನಿಲದ ಒತ್ತಡದ ಮೇಲೂ ನಿಂತಿದೆ ಎಂಬುದನ್ನು ಫ್ರೀಡ್ರಿಕ್ ಪಾಶೆನ್ 1889ರಲ್ಲೇ ತೋರಿಸಿದ್ದರು. ಪ್ಲಗ್ಗಿನ ಸುಮಾರು 0.6 ಮಿಲಿಮೀಟರ್ ಅಂತರವನ್ನು ಹೊರಗಿನ ಗಾಳಿಯಲ್ಲಿ ದಾಟಲು 3,000 ವೋಲ್ಟಿನಷ್ಟು ಸಾಕು. ಅದೇ ಪ್ಲಗ್ಗು ಸಿಲಿಂಡರಿನೊಳಗೆ, ಪಿಸ್ಟನ್ ಒತ್ತಿ ಕುಗ್ಗಿಸಿದ ದಟ್ಟ ಮಿಶ್ರಣದ ನಡುವೆ ಇದ್ದಾಗ, ಅಷ್ಟೇ ಅಂತರಕ್ಕೆ ಹಲವು ಪಟ್ಟು ಹೆಚ್ಚು ವೋಲ್ಟೇಜು ಬೇಕಾಗುತ್ತದೆ. ಆದ್ದರಿಂದ ಬಲಗುಂದಿದ ಕಾಯಿಲ್ ಹೊರಗೆ ಕಿಡಿ ತೋರಿಸಿಯೂ ಒಳಗೆ ಸೋಲುವುದು ಪೂರ್ತಿ ಸಾಧ್ಯ. ಪ್ಲಗ್ಗಿನ ಬದಲು ತಂತಿಯ ತುದಿಯನ್ನು ಎಂಜಿನ್ನಿನ ಮೈಯಿಂದ ಐದಾರು ಮಿಲಿಮೀಟರ್ ದೂರದಲ್ಲಿ ಭದ್ರವಾಗಿ ನಿಲ್ಲಿಸಿ ನೋಡುವುದು ಇದಕ್ಕಿಂತ ಎಷ್ಟೋ ನಂಬಲರ್ಹ. ಆ ಅಂತರವನ್ನು ನೀಲಿ ಕಿಡಿ ‘ಚಟ್’ ಎಂಬ ಸದ್ದಿನೊಡನೆ ದಾಟಿದರೆ ಸರಿ. ದಾಟದೆ ಹೋದರೆ, ಅಥವಾ ಹಳದಿಗೆ ತಿರುಗಿ ತೆಳುವಾಗಿ ಮಿನುಗಿದರೆ, ಪೆಟ್ರೋಲನ್ನು ದೂರಿ ಪ್ರಯೋಜನವಿಲ್ಲ. ಈ ಪರೀಕ್ಷೆಗೆ ಮೊದಲು ಪ್ಲಗ್ ರಂಧ್ರದ ಬಳಿ ಪೆಟ್ರೋಲಿನ ಹಸಿ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಅಪ್ಪ ಓಡಿಸುತ್ತಿದ್ದ ಸ್ಕೂಟರನ್ನು ನಾನು ದುರಸ್ತಿಗೆ ಎತ್ತಿಕೊಂಡಾಗ ಕಿಡಿ ಒಂಚೂರೂ ಬರುತ್ತಿರಲಿಲ್ಲ. ಎಂಜಿನ್ ನಿಲ್ಲಿಸುವ ತಂತಿಯ ಕೆಲಸವೇ ಮ್ಯಾಗ್ನೆಟೋದ ವಿದ್ಯುತ್ತನ್ನು ಸ್ಕೂಟರಿನ ಲೋಹದ ಮೈಗೆ ಹರಿಸಿ ‘ಅರ್ತ್’ ಮಾಡುವುದು. ಹ್ಯಾಂಡಲ್ ತಿರುಗುವ ಕಡೆ ಅದರ ಹೊದಿಕೆ ಸವೆದು ಲೋಹಕ್ಕೆ ತಾಗಿದರೆ ಸ್ಕೂಟರ್ ಸದಾ ‘ಆಫ್’ ಆಗಿಯೇ ಇರುತ್ತದೆ. ಆ ಒಂದು ತಂತಿಯನ್ನು ಕಳಚಿದ ತಕ್ಷಣ ಕಿಡಿ ಮರಳಿತು, ಆದರೆ ಬಲವಿರಲಿಲ್ಲ. ಫ್ಲೈವೀಲಿನ ಕಿಂಡಿಯಲ್ಲಿ ಇಣುಕಿದಾಗ ಪಾಯಿಂಟಿನ ಒಂದು ಮುಖದಲ್ಲಿ ಗುಳಿ, ಎದುರಿನ ಮುಖದಲ್ಲಿ ಅದಕ್ಕೆ ಸರಿಹೊಂದುವ ಗುಬುಟು ಕಂಡವು. ಕಂಡೆನ್ಸರ್ ಕೆಟ್ಟಿದೆ ಎಂಬುದಕ್ಕೆ ಇದು ಗುರುತು. ಪಾಯಿಂಟ್ ತೆರೆಯುವಾಗ ಪ್ರವಾಹ ಅಲ್ಲಿಯೇ ಕಿಡಿಯಾಗಿ ಹಾರಿಹೋಗದಂತೆ ಅದನ್ನು ಒಂದು ಕ್ಷಣ ಹಿಡಿದಿಟ್ಟುಕೊಳ್ಳುವುದು ಕಂಡೆನ್ಸರಿನ ಕೆಲಸ. ಫ್ರಾನ್ಸಿನ ಹಿಪೊಲಿಟ್ ಫಿಜೊ 1853ರಲ್ಲಿ ಪ್ರಯೋಗಶಾಲೆಯ ಕಾಯಿಲುಗಳಿಗೆ ಇದನ್ನು ಸೇರಿಸಿದಾಗಲೇ ಕಿಡಿಗಳ ಉದ್ದ ಹಿಗ್ಗಿತ್ತು. ಕಂಡೆನ್ಸರ್ ಸತ್ತರೆ ಶಕ್ತಿಯೆಲ್ಲ ಪಾಯಿಂಟಿನಲ್ಲೇ ಸುಟ್ಟು, ಒಂದು ಮುಖದ ಲೋಹ ಇನ್ನೊಂದಕ್ಕೆ ವಲಸೆ ಹೋಗುತ್ತದೆ.

ಪಾಯಿಂಟ್, ಕಂಡೆನ್ಸರ್ ಎರಡನ್ನೂ ಬದಲಾಯಿಸಿ, ಪಾಯಿಂಟಿನ ಅಂತರವನ್ನು ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳಲ್ಲಿ) 0.4 ಮಿಲಿಮೀಟರಿಗೆ ಇಟ್ಟೆ. ಈ ಅಂತರ ಕಿಡಿಯ ಬಲಕ್ಕಷ್ಟೇ ಸಂಬಂಧಿಸಿದ್ದಲ್ಲ. ಅಂತರ ಹೆಚ್ಚಿದರೆ ಪಾಯಿಂಟ್ ಬೇಗ ತೆರೆದು ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ಮುಂದಾಗುತ್ತದೆ, ಕ್ಯಾಮಿಗೆ ಉಜ್ಜುವ ಫೈಬರ್ ತುದಿ ಸವೆದು ಅಂತರ ಕಡಿಮೆಯಾದರೆ ಹಿಂದಾಗುತ್ತದೆ. ಪಾಯಿಂಟ್ ನಿಖರವಾಗಿ ಯಾವಾಗ ತೆರೆಯುತ್ತದೆಂದು ತಿಳಿಯಲು ಯಾವ ಯಂತ್ರವೂ ಬೇಡ. ತೀರ ತೆಳುವಾದ ಕಾಗದದ ಚೂರೊಂದನ್ನು ಪಾಯಿಂಟಿನ ನಡುವೆ ಸಿಕ್ಕಿಸಿ, ಬೆರಳಲ್ಲಿ ಹಗುರವಾಗಿ ಎಳೆದು ಹಿಡಿದು, ಇನ್ನೊಂದು ಕೈಯಲ್ಲಿ ಫ್ಲೈವೀಲನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಹೋದರೆ, ಒಂದು ಜಾಗದಲ್ಲಿ ಕಾಗದ ತಾನಾಗಿ ಸಡಿಲಾಗಿ ಹೊರಗೆ ಬರುತ್ತದೆ. ಆಗ ಫ್ಲೈವೀಲಿನ ಮತ್ತು ಎಂಜಿನ್ನಿನ ಮೈಮೇಲಿನ ಟೈಮಿಂಗ್ ಗುರುತುಗಳು ಒಂದಕ್ಕೊಂದು ಎದುರಾಗಿರಬೇಕು. ಕಾಗದದ ಮೇಲೆ ಎಣ್ಣೆಯ ಕಲೆ ಮೂಡಿದ್ದರೆ ಕ್ರ್ಯಾಂಕಿನ ಆ ಬದಿಯ ಸೀಲು ಸೋರುತ್ತಿದೆ ಎಂದೂ ತಿಳಿಯುತ್ತದೆ, ಅದು ಬೇರೆಯೇ ಖರ್ಚಿನ ಮಾತು.

ಸ್ಕೂಟರ್ ಎರಡನೆಯ ಕಿಕ್ಕಿಗೆ ಹತ್ತಿಕೊಂಡಿತು. ಹದಿನೈದು ನಿಮಿಷದ ನಂತರ ತಾನಾಗಿ ನಿಂತಿತು. ಅರ್ಧ ಗಂಟೆ ಆರಿದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಡಿತು. ತಣ್ಣಗಿದ್ದಾಗ ಆರು ಮಿಲಿಮೀಟರ್ ದಾಟುತ್ತಿದ್ದ ಕಿಡಿ ಬಿಸಿಯಾದಾಗ ಎರಡು ಮಿಲಿಮೀಟರನ್ನೂ ದಾಟುತ್ತಿರಲಿಲ್ಲ, ಆದರೆ ಪ್ಲಗ್ಗಿನ ತುದಿಯಲ್ಲಿ ಆಗಲೂ ಸೊಗಸಾಗಿ ಕಾಣುತ್ತಿತ್ತು. ಫ್ಲೈವೀಲಿನ ಹಿಂದಿನ ಸುರುಳಿಯಲ್ಲಿ ತಂತಿಗೆ ಹಚ್ಚಿದ್ದ ವಾರ್ನಿಷ್ ಕಾಲಕ್ರಮದಲ್ಲಿ ಬಿರುಕು ಬಿಟ್ಟಿತ್ತು. ಬಿಸಿಗೆ ತಾಮ್ರ ಹಿಗ್ಗಿ, ಅಕ್ಕಪಕ್ಕದ ಸುತ್ತುಗಳು ಒಂದಕ್ಕೊಂದು ತಾಗಿ, ಸುರುಳಿಯ ಒಂದು ಭಾಗ ಕೆಲಸಕ್ಕೆ ಬಾರದಂತಾಗುತ್ತಿತ್ತು. ತಣ್ಣಗಿರುವಾಗ ಮೀಟರಿನಲ್ಲಿ ಅಳೆದರೆ ಇಂಥ ದೋಷ ಸಿಕ್ಕುವುದೇ ಇಲ್ಲ.

ಹೊಸ ಸುರುಳಿ ಕೂರಿಸಿದ ದಿನ, ಪುಲ್ಲರ್ ಎಂಬ ಎಳೆಯುವ ಸಾಧನ ತಂದು ಫ್ಲೈವೀಲ್ ಕಳಚಿಕೊಟ್ಟಿದ್ದ ಹಿರಿಯ ಮೆಕ್ಯಾನಿಕ್ಕೇ ಮೊದಲ ಕಿಕ್ ಹೊಡೆಯಲಿ ಎಂದೆ. ಅವರು ಎಲ್ಲವನ್ನೂ ಕಣ್ಣಾರೆ ನೋಡಿದ್ದರೂ, ಕಾಲೆತ್ತುವ ಮೊದಲು ಸ್ಕೂಟರನ್ನು ಒಮ್ಮೆ ಎಡಕ್ಕೆ ಓರೆ ಮಾಡಿಯೇ ನಿಲ್ಲಿಸಿದರು.