ಮಹಾಯಾಜಕನನ್ನು ಮಲಗಗೊಡದ ರಾತ್ರಿ

ಜೆರುಸಲೇಮಿನ ಸುದ್ದಿ ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ಕ್ಯಾಥೊಲಿಕರಿಗೆ ಪೋಪ್ ಇದ್ದಾರೆ, ಯೆಹೂದಿಗಳಿಗೆ ಯಾರು? ಒಬ್ಬರು ರಬ್ಬಿ ಅನ್ನುತ್ತಾರೆ, ಇನ್ನೊಬ್ಬರು ಕೋಹೆನ್ ಅನ್ನುತ್ತಾರೆ. ಕನ್ನಡ ಬೈಬಲ್ ಓದಿದವರಿಗೆ ‘ಮಹಾಯಾಜಕ’ ಎಂಬ ಮಾತು ಗೊತ್ತು, ಯೇಸುವಿನ ವಿಚಾರಣೆಗೆ ಕೂತ ಕಾಯಫನ ಹೆಸರೂ ಗೊತ್ತು. ಇದರ ಮಧ್ಯೆ ಜೆರುಸಲೇಮಿನ ಒಂದು ಸಂಸ್ಥೆ ಮಹಾಯಾಜಕನ ಉಡುಪನ್ನು ಹೊಸದಾಗಿ ಮಾಡಿಸಿ ಪ್ರದರ್ಶನಕ್ಕಿಟ್ಟಿದೆ. ತೊಡುವವನು ಮಾತ್ರ ಇಲ್ಲ.

ಮೊದಲು ಗೋಜಲು ಬಿಡಿಸೋಣ. ರಬ್ಬಿ ಅಂದರೆ ಗುರು, ಓದಿ ಆಗುವುದು. ಕೋಹೆನ್ ಅಂದರೆ ಯಾಜಕರ ಮನೆತನದವನು, ಅದು ಹುಟ್ಟಿನಿಂದ ಬರುವುದು. ಆ ಮನೆತನದಲ್ಲಿ ಒಬ್ಬನೇ ಒಬ್ಬ ‘ಕೋಹೆನ್ ಗಾದೋಲ್’, ಅಂದರೆ ಮಹಾಯಾಜಕ. ಕ್ರಿ.ಶ. 70ರಲ್ಲಿ ರೋಮನರು ದೇವಾಲಯ ಸುಟ್ಟಾಗಿನಿಂದ ಆ ಜಾಗ ಖಾಲಿ. (ಗೆರಿಜೀಮ್ ಬೆಟ್ಟದ ಸಮಾರ್ಯರಿಗೆ ಈಗಲೂ ಮಹಾಯಾಜಕರಿದ್ದಾರೆ. ಆದರೆ ಅವರದು ಬೇರೆಯೇ ಪರಂಪರೆ.)

ಮೊದಲ ಮಹಾಯಾಜಕ ಮೋಶೆಯ ಅಣ್ಣ ಆರೋನ. ಅವನ ಕೆಲಸ ಏನು ಅನ್ನೋದಕ್ಕಿಂತ ಅವನು ಏನು ತೊಡಬೇಕು ಅನ್ನೋದನ್ನೇ ಬೈಬಲಿನ ವಿಮೋಚನಕಾಂಡ ಜಾಸ್ತಿ ಹೇಳುತ್ತದೆ. ಎದೆಯ ಮೇಲೆ 12 ಕಲ್ಲುಗಳ ಪದಕ, ಒಂದೊಂದು ಕಲ್ಲಿಗೆ ಒಂದೊಂದು ಕುಲದ ಹೆಸರು. ಎರಡು ಹೆಗಲಿಗೂ ಒಂದೊಂದು ಕಲ್ಲು, ಅದರಲ್ಲಿ ಆರಾರು ಹೆಸರು. ಅಂಗಿಯ ಅಂಚಿಗೆ ಚಿನ್ನದ ಗೆಜ್ಜೆ, ನಡುನಡುವೆ ನೂಲಿನ ದಾಳಿಂಬೆ. ಇಷ್ಟೆಲ್ಲ ಹೆಸರುಗಳ ನಡುವೆ ಆರೋನನ ಹೆಸರು ಮಾತ್ರ ಎಲ್ಲೂ ಇಲ್ಲ! ಬೋಧನೆಯಾಗಲಿ, ಭವಿಷ್ಯ ಹೇಳುವುದಾಗಲಿ ಅವನ ಮುಖ್ಯ ಕೆಲಸವಲ್ಲ. ಉಳಿದವರ ಹೆಸರುಗಳನ್ನು ಹೊತ್ತು ದೇವರ ಮುಂದೆ ನಿಲ್ಲುವುದೇ ಅವನ ಕೆಲಸ.

ಹೊರೆ ಇನ್ನೂ ಒಂದಿತ್ತು. ಕೈತಪ್ಪಿ ಕೊಲೆ ಮಾಡಿದವನು ಆಶ್ರಯನಗರಕ್ಕೆ ಓಡಿಹೋದರೆ, ಮಹಾಯಾಜಕ ಸಾಯುವವರೆಗೆ ಅಲ್ಲೇ ಇರಬೇಕು. ಆಮೇಲೆ ಮನೆಗೆ ಹೋಗಬಹುದು. ಹಾಗಾಗಿ ಅಲ್ಲಿದ್ದವರೆಲ್ಲ ‘ಇವನು ಬೇಗ ಸಾಯಲಿ’ ಅಂತ ಬೇಡಿಕೊಳ್ಳಬಾರದಲ್ಲ. ಅದಕ್ಕೆ ಮಹಾಯಾಜಕರ ತಾಯಂದಿರು ಅವರಿಗೆ ಊಟ, ಬಟ್ಟೆ ಕೊಡುತ್ತಿದ್ದರು ಎಂದು ಯೆಹೂದಿ ಗುರುಗಳ ಹಳೆಯ ಕಟ್ಟಳೆಗಳ ಸಂಗ್ರಹವಾದ ಮಿಶ್ನಾ ಹೇಳುತ್ತದೆ.

ಸೊಲೊಮೋನ ದೇವಾಲಯ ಕಟ್ಟಿಸಿದ. ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನವರು ಅದನ್ನು ಕೆಡವಿದರು. ಜನ ಸೆರೆಯಿಂದ ಮರಳಿ ಎರಡನೆಯದನ್ನು ಕಟ್ಟಿಕೊಂಡರು. ಅಷ್ಟು ಹೊತ್ತಿಗೆ ಅರಸೊತ್ತಿಗೆ ಹೋಗಿತ್ತು. ಅರಸನಿಲ್ಲದ ಊರಿನಲ್ಲಿ ಮಹಾಯಾಜಕನೇ ಯಜಮಾನನಾದ. ತೊಂದರೆ ಶುರುವಾದದ್ದು ಅಲ್ಲಿಂದ. ಅಧಿಕಾರ ಇರುವ ಕುರ್ಚಿಗೆ ಬೆಲೆ ಕಟ್ಟದೆ ಬಿಡುತ್ತಾರಾ?

ಕ್ರಿ.ಪೂ. 175ರಲ್ಲಿ ಒಬ್ಬ ಯಾಜಕ, ಗ್ರೀಕ್ ಅರಸನಿಗೆ ದುಡ್ಡು ಕೊಟ್ಟು ತನ್ನ ಅಣ್ಣನ ಹುದ್ದೆಯನ್ನೇ ಕೊಂಡ. ಮೂರು ವರ್ಷಕ್ಕೆ ಇನ್ನೊಬ್ಬ ಅವನಿಗಿಂತ 300 ತಲಾಂತು (ಬೆಳ್ಳಿಯ ಹಳೆಯ ತೂಕ) ಜಾಸ್ತಿ ಕೂಗಿದ. ಮುಂದೆ ಹಸ್ಮೋನಿಯರು ಎಂಬ ಯೆಹೂದಿ ಮನೆತನ ಸಿಂಹಾಸನವನ್ನೂ ಈ ಹುದ್ದೆಯನ್ನೂ ಒಟ್ಟಿಗೇ ಇಟ್ಟುಕೊಂಡಿತು. ಆಮೇಲೆ ಹೆರೋದ ಬಂದ, ರೋಮನರು ಬಂದರು. ಮಹಾಯಾಜಕನ ಉಡುಪನ್ನು ಕೆಲ ಕಾಲ ರೋಮನರು ಅಂತೋನಿಯಾ ಕೋಟೆಯಲ್ಲಿ ಬೀಗ ಹಾಕಿಟ್ಟು ಹಬ್ಬಕ್ಕೆ ಮಾತ್ರ ಕೊಡುತ್ತಿದ್ದರು. ಹೆರೋದನಿಂದ ಕ್ರಿ.ಶ. 70ರವರೆಗೆ 28 ಮಹಾಯಾಜಕರು ಬಂದುಹೋದರು ಎಂಬುದು ಇತಿಹಾಸಕಾರ ಜೋಸೆಫಸನ ಲೆಕ್ಕ. ತಪ್ಪು ಕೊಟ್ಟವರದೋ ತೆಗೆದುಕೊಂಡವರದೋ ಅನ್ನುವ ವಾದ ಇನ್ನೂ ಮುಗಿದಿಲ್ಲ.

ಹುದ್ದೆ ಇಷ್ಟು ಸೊರಗಿದ್ದರೂ ವರ್ಷಕ್ಕೊಂದು ದಿನ ಎಲ್ಲವೂ ಅವನೊಬ್ಬನ ಮೇಲೆ ನಿಲ್ಲುತ್ತಿತ್ತು. ಅದು ಯೋಮ್ ಕಿಪ್ಪುರ್, ದೋಷಪರಿಹಾರದ ದಿನ. ಕ್ರಿ.ಶ. 200ರ ಸುಮಾರಿಗೆ ರೂಪುಗೊಂಡ ಮಿಶ್ನಾದಲ್ಲಿ ‘ಯೋಮಾ’ ಎಂಬ ಭಾಗ ಇದನ್ನು ಗಳಿಗೆ ಗಳಿಗೆಯಾಗಿ ಹೇಳುತ್ತದೆ. ನನಗೆ ಈ ಇಡೀ ವಿಷಯದಲ್ಲಿ ಹಿಡಿಸಿದ ಭಾಗವೇ ಅದು.

ಏಳು ದಿನ ಮೊದಲೇ ಅವನನ್ನು ಮನೆಯಿಂದ ಕರೆತಂದು ದೇವಾಲಯದ ಒಂದು ಕೋಣೆಯಲ್ಲಿ ಇರಿಸುತ್ತಿದ್ದರು. ಅವನಿಗೆ ಮೈಲಿಗೆಯಾದರೆ ಅಂತ ಬದಲಿ ಒಬ್ಬನನ್ನೂ ಸಿದ್ಧವಾಗಿಡುತ್ತಿದ್ದರು. ಹಿರಿಯರು ಎದುರು ಕೂತು ಆ ದಿನದ ವಿಧಿ ಓದುತ್ತಿದ್ದರು. “ಸ್ವಾಮಿ ಮಹಾಯಾಜಕರೇ, ನೀವೇ ಬಾಯಿಬಿಟ್ಟು ಓದಿ. ಮರೆತಿರಬಹುದು, ಇಲ್ಲವೇ ಕಲಿತೇ ಇಲ್ಲದಿರಬಹುದು.” ಎಷ್ಟು ಮರ್ಯಾದೆಯ ಚುಚ್ಚುಮಾತು, ಅಲ್ವಾ? ಹಿಂದಿನ ದಿನ ಬೆಳಿಗ್ಗೆ ಹೋರಿ, ಟಗರು, ಕುರಿಗಳನ್ನು ಅವನ ಮುಂದೆ ಹಾಯಿಸುತ್ತಿದ್ದರು. ಕಣ್ಣಿಗೆ ರೂಢಿಯಾಗಲಿ ಅಂತ.

ಆಮೇಲೆ ಆಣೆ. ಹೇಳಿದ್ದರಲ್ಲಿ ಒಂದನ್ನೂ ಬದಲಿಸುವುದಿಲ್ಲ ಎಂದು ಅವನು ಮಾತು ಕೊಡಬೇಕು. ಕಾರಣ, ದೇವಾಲಯದ ತೀರಾ ಒಳಗಿನ ಕೋಣೆಗೆ ಅವನು ಒಯ್ಯುವ ಧೂಪ. ಕೆಂಡದ ಮೇಲೆ ಅದನ್ನು ಹೊರಗೇ ಹಾಕಿಕೊಂಡು ಹೋಗಬೇಕು ಎನ್ನುವುದು ಸದ್ದುಕಾಯರೆಂಬ ಪಂಗಡದ ಪಟ್ಟು. ಒಳಗೆ ಹೋದ ಮೇಲೆ ಹಾಕಬೇಕು ಎನ್ನುವುದು ಎದುರು ಪಂಗಡವಾದ ಫರಿಸಾಯರದು. ಒಳಗೆ ಏನು ಮಾಡುತ್ತಾನೆ ಎಂದು ನೋಡಲು ಯಾರೂ ಇರುವುದಿಲ್ಲ. ಆಣೆ ಆದ ಮೇಲೆ ಅವನು ಮುಖ ತಿರುಗಿಸಿ ಅಳುತ್ತಿದ್ದ, ನನ್ನ ಮೇಲೆ ಸಂಶಯಪಟ್ಟರಲ್ಲ ಅಂತ. ಅವರೂ ಮುಖ ತಿರುಗಿಸಿ ಅಳುತ್ತಿದ್ದರು, ಸಂಶಯಪಡಬೇಕಾಯಿತಲ್ಲ ಅಂತ.

ಸಂಜೆ ಊಟ ಕಡಿಮೆ. ಹೊಟ್ಟೆ ತುಂಬಿದರೆ ನಿದ್ದೆ ಬರುತ್ತದೆ, ಆ ರಾತ್ರಿ ಅವನು ಮಲಗುವಂತಿಲ್ಲ. ಅವನು ಓದು ಬಲ್ಲವನಾದರೆ ತಾನೇ ಓದಬೇಕು. ಬಾರದಿದ್ದರೆ ಬೇರೆಯವರು ಓದಿ ಹೇಳುತ್ತಾರೆ, ಬೈಬಲಿನ ಯೋಬ, ಎಜ್ರ, ಪೂರ್ವಕಾಲದ ವೃತ್ತಾಂತ ಎಂಬ ಭಾಗಗಳನ್ನು. ಕಣ್ಣು ಎಳೆದರೆ ಹುಡುಗ ಯಾಜಕರು ನಡುಬೆರಳಿನಿಂದ ಚಿಟಿಕೆ ಹೊಡೆದು, “ಸ್ವಾಮಿ, ಎದ್ದು ತಣ್ಣನೆ ನೆಲದ ಮೇಲೆ ನಿಲ್ಲಿ” ಅನ್ನುತ್ತಿದ್ದರು.

ಬೆಳಗಾದರೆ ಐದು ಸಲ ಸ್ನಾನ, ಹತ್ತು ಸಲ ಕೈಕಾಲು ತೊಳೆಯುವುದು. ಒಳಕೋಣೆಗೆ ಹೋಗುವಾಗ ಚಿನ್ನದ ಉಡುಪು ಬಿಚ್ಚಿ ಬಿಳಿ ನಾರುಮಡಿ ಉಡಬೇಕು. ಚಿನ್ನದ ಕರುವನ್ನು ಮಾಡಿದವನೇ ಆರೋನ. ತಪ್ಪು ತೋರಿಸುವ ಚಿನ್ನ ಕ್ಷಮೆ ಕೇಳುವವನ ಮೈಮೇಲೆ ಬೇಡ ಎಂಬುದು ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುಡ್ ಕೊಡುವ ಕಾರಣ. ಪಾಪ ಒಪ್ಪಿಕೊಳ್ಳುವಾಗಲೂ ಮೊದಲು ತನ್ನದು ಮತ್ತು ತನ್ನ ಮನೆಯವರದು, ಆಮೇಲೆ ಯಾಜಕರದು, ಕೊನೆಗೆ ಜನರದು. ಗರ್ಭಗುಡಿಯಂಥ ಆ ಕೋಣೆಯಲ್ಲಿ ಎರಡನೇ ದೇವಾಲಯದ ಕಾಲಕ್ಕೆ ದೇವರ ಆಜ್ಞೆಗಳನ್ನು ಇಟ್ಟಿದ್ದ ಮಂಜೂಷವೂ (ಪವಿತ್ರ ಪೆಟ್ಟಿಗೆ) ಇರಲಿಲ್ಲ. ಮೂರು ಬೆರಳು ಎತ್ತರದ ಒಂದು ಕಲ್ಲು, ಅಷ್ಟೇ. ಅದರ ಮುಂದೆ ರಕ್ತ ಚಿಮುಕಿಸುತ್ತ ಎಣಿಸುತ್ತಿದ್ದ: ಒಂದು. ಒಂದು ಮತ್ತು ಒಂದು. ಒಂದು ಮತ್ತು ಎರಡು. ಹೀಗೆ ಒಂದು ಮತ್ತು ಏಳರವರೆಗೆ.

ಸತ್ತರೆ ಎಳೆದುಕೊಳ್ಳಲು ಅವನ ಕಾಲಿಗೆ ಹಗ್ಗ ಕಟ್ಟುತ್ತಿದ್ದರು ಎಂಬ ಕತೆ ಮೊಬೈಲಿನಲ್ಲಿ ಸುತ್ತುತ್ತಿರುತ್ತದೆ. ಮಿಶ್ನಾದಲ್ಲೂ ಇಲ್ಲ, ತಾಲ್ಮುಡ್‌ನಲ್ಲೂ ಇಲ್ಲ. ಎಷ್ಟೋ ಶತಮಾನ ಆದ ಮೇಲೆ ಸುಮ್ನೆ ಸೇರಿಕೊಂಡದ್ದು.

ಜನರ ಮನಸ್ಸು ಆಗಲೇ ಬೇರೆ ಕಡೆ ವಾಲಿತ್ತು. ಒಂದು ಯೋಮ್ ಕಿಪ್ಪುರ್ ಮುಗಿದು ಜನ ಮಹಾಯಾಜಕನ ಹಿಂದೆ ಹೋಗುತ್ತಿದ್ದರಂತೆ. ಎದುರಿಗೆ ಶೆಮಾಯಾ, ಅವ್ತಾಲ್ಯೋನ್ ಎಂಬ ಇಬ್ಬರು ಗುರುಗಳು ಬಂದರು. ಜನ ಇವನನ್ನು ಬಿಟ್ಟು ಅವರ ಹಿಂದೆ ಹೊರಟರು. ಆ ಇಬ್ಬರ ಹಿರೀಕರು ಹೊರಗಿನಿಂದ ಬಂದು ಮತ ಸೇರಿದವರು. ಮಹಾಯಾಜಕ ಅದನ್ನೇ ಹಿಡಿದು ಅಣಕಿಸಿದ: “ಹೊರಗಿನವರ ಮಕ್ಕಳು ಕ್ಷೇಮವಾಗಿ ಬರಲಿ.” ಅವರು ಹೇಳಿದರು: “ಆರೋನನ ಕೆಲಸ ಮಾಡುವ ಹೊರಗಿನವರ ಮಕ್ಕಳು ಕ್ಷೇಮವಾಗಿ ಬರಲಿ. ಆರೋನನ ಕೆಲಸ ಮಾಡದ ಆರೋನನ ಮಗ ಬರುವುದು ಬೇಡ.” ಓದಿಲ್ಲದ ಮಹಾಯಾಜಕನಿಗಿಂತ ಓದಿದ ಅಕ್ರಮ ಸಂತಾನವೇ ಮೇಲು ಎಂದು ಮಿಶ್ನಾ ನೇರವಾಗಿ ಬರೆದುಕೊಂಡಿದೆ. ಬರೆದವರು ಗುರುಗಳೇ ಅನ್ನೋದನ್ನೂ ಮರೆಯಬಾರದು.

ಕೊನೆಯವನು ಫನ್ನಿಯಾಸ್. ರೋಮಿನ ವಿರುದ್ಧ ಎದ್ದಿದ್ದ ದಂಗೆಕೋರರು ಚೀಟಿ ಹಾಕಿ ಆರಿಸಿದ ಹಳ್ಳಿಯವನು. ಮಹಾಯಾಜಕತನ ಅಂದರೆ ಏನು ಅಂತಲೇ ಅವನಿಗೆ ಗೊತ್ತಿರಲಿಲ್ಲ ಎಂದು ಜೋಸೆಫಸ್ ಸಿಡುಕುತ್ತಾನೆ. ಜೋಸೆಫಸ್ ದೊಡ್ಡ ಯಾಜಕರ ಮನೆಯವನು, ಸಿಡುಕು ಸಹಜ. ಬೆಂಕಿ ಬೀಳಲು ಹೆಚ್ಚು ದಿನ ಉಳಿದಿರಲಿಲ್ಲ.

ಈಗ ಕೋಹೆನರಿಗೆ ಮುಖ್ಯವಾಗಿ ಉಳಿದಿರುವುದು ಸಿನಗಾಗ್‌ನಲ್ಲಿ (ಯೆಹೂದಿಗಳ ಪ್ರಾರ್ಥನಾಮಂದಿರ) ಕೈಯೆತ್ತಿ ಆಶೀರ್ವದಿಸುವುದು ಮತ್ತು ಕೆಲವು ಕಟ್ಟುಪಾಡು. ಆದರೆ ಯೋಮ್ ಕಿಪ್ಪುರ್ ದಿನ ‘ಅವೋದಾ’ ಎಂಬ ಓದಿನಲ್ಲಿ ಆ ಹಳೆಯ ದಿನವನ್ನು ಇಡಿಯಾಗಿ ಹೇಳುತ್ತಾರೆ. ಒಂದು, ಒಂದು ಮತ್ತು ಒಂದು ಎಂದು ಎಣಿಸುತ್ತಾರೆ. ಅವನು ದೇವರ ಹೆಸರು ಉಚ್ಚರಿಸಿದಾಗ ಜನ ಅಡ್ಡಬಿದ್ದರು ಎಂಬಲ್ಲಿ ಇವರೂ ನೆಲಕ್ಕೆ ಬಾಗುತ್ತಾರೆ. ಆ ಕೋಣೆಯಿಂದ ಹೊರಬಂದಾಗ ಅವನು ಮಾಡುತ್ತಿದ್ದ ಪ್ರಾರ್ಥನೆಯೂ ಅದರಲ್ಲಿದೆ. ತೀರಾ ಚಿಕ್ಕದು. ತಡವಾದರೆ ಹೊರಗೆ ಜನ ಹೆದರುತ್ತಾರೆ. ಮಳೆಯಾಗಲಿ ಅಂತ ಕೇಳುತ್ತಿದ್ದ. ಮಳೆ ಬೇಡ ಅನ್ನುವ ದಾರಿಹೋಕರ ಮಾತಿಗೆ ಕಿವಿಗೊಡಬೇಡ ಅನ್ನುತ್ತಿದ್ದ. ಆದರೆ ಶಾರೋನ್ ಬಯಲಿನ ಇಟ್ಟಿಗೆ ಮನೆಗಳು ಮಳೆಗೆ ಕುಸಿಯುತ್ತಿದ್ದವು. ಅದಕ್ಕೇ ಅವರ ಮನೆಗಳೇ ಅವರಿಗೆ ಗೋರಿಯಾಗದಿರಲಿ ಎಂಬ ಸಾಲು ಬೇರೆಯಾಗಿಯೇ ಇದೆ. ಆ ಬಯಲಿನಲ್ಲಿ ಈಗ ನೆತಾನ್ಯಾ, ಹೆರ್ಜ್ಲಿಯಾದಂಥ ಕಾಂಕ್ರೀಟ್ ಊರುಗಳಿವೆ. ಅಲ್ಲಿನ ಸಿನಗಾಗ್‌ಗಳಲ್ಲೂ ಅದನ್ನು ಓದುತ್ತಾರೆ.