ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ ಎಷ್ಟು, ಹೊತ್ತು ಎಷ್ಟು?

2021ರ ಜನವರಿ 9, ಶನಿವಾರ. ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ. ಕ್ಯಾಪ್ಟನ್ ಜೋಯಾ ಅಗರ್ವಾಲ್. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರೇ. ವೇಳಾಪಟ್ಟಿ ಪ್ರಕಾರ ಅಲ್ಲಿ ರಾತ್ರಿ 8.30ಕ್ಕೆ ಹೊರಟು, ಇಲ್ಲಿ ಸೋಮವಾರ ಬೆಳಗಿನ ಜಾವ 3.45ಕ್ಕೆ ಇಳಿಯಬೇಕು. ಎಷ್ಟು ಹೊತ್ತಿನ ಪ್ರಯಾಣ?

ನಾನು ಮೊದಲು ಬರೆದ ಉತ್ತರ 31 ಗಂಟೆ 15 ನಿಮಿಷ. ತಪ್ಪು! ಎರಡೂ ಊರಿನ ಗಡಿಯಾರ ಒಂದೇ ಅಂದುಕೊಂಡು ಸುಮ್ನೆ ಕಳೆದುಬಿಟ್ಟಿದ್ದೆ. ಚಳಿಗಾಲದಲ್ಲಿ ನಮ್ಮ ಗಡಿಯಾರ ಹದಿಮೂರೂವರೆ ಗಂಟೆ ಮುಂದೆ ಇರುತ್ತದೆ. ಹಾಗಾಗಿ ಹೊರಡುವ ಹೊತ್ತನ್ನು ಮೊದಲೇ ಭಾರತದ ಸಮಯಕ್ಕೆ ತಿರುಗಿಸಿಕೊಳ್ಳಿ. ಅಲ್ಲಿ ಶನಿವಾರ ರಾತ್ರಿ 8.30 ಅಂದರೆ ಇಲ್ಲಿ ಭಾನುವಾರ ಬೆಳಿಗ್ಗೆ 10. ಅಲ್ಲಿಂದ ಬೆರಳೆಣಿಸಿದರೆ 17 ಗಂಟೆ 45 ನಿಮಿಷ.

ಈಗ ದೂರ. ಗೋಡೆಯ ಮೇಲಿನ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆಯಬೇಡಿ. ಪೆಸಿಫಿಕ್ ಸಾಗರ ನಡುವೆ ಬರುವ ನಕ್ಷೆಯಲ್ಲಿ ಅದು ಆ ಸಾಗರ ದಾಟಿ ಹೋಗುತ್ತದೆ. ಅದು ನಾವಿಕರು ಬಳಸುವ ಮರ್ಕೇಟರ್ ನಕ್ಷೆಯಾದರೆ ಆ ನೇರ ಗೆರೆಯ ದಾರಿ ಸುಮಾರು 16,000 ಕಿ.ಮೀ. ಭೂಮಿ ಉರುಟಾಗಿದೆ ಅಲ್ವಾ? ಅದಕ್ಕೆ ಗ್ಲೋಬ್ ಬೇಕು, ಒಂದು ದಾರ ಬೇಕು. 30 ಸೆಂ.ಮೀ. ಅಗಲದ ಗ್ಲೋಬ್‌ನಲ್ಲಿ ಎರಡೂ ಊರಿನ ಮೇಲೆ ದಾರ ಬಿಗಿಯಾಗಿ ಹಿಡಿಯಿರಿ. ಅದು ತಾನಾಗಿಯೇ ಉತ್ತರಕ್ಕೆ ಜಾರುತ್ತದೆ: ಟಿಬೆಟ್, ಸೈಬೀರಿಯಾ, ಅಲಾಸ್ಕಾ. ಉದ್ದ ಸುಮಾರು 33 ಸೆಂ.ಮೀ. ಗ್ಲೋಬ್‌ನ ಸುತ್ತಳತೆ 94 ಸೆಂ.ಮೀ., ಭೂಮಿಯದು 40,000 ಕಿ.ಮೀ. ಹಾಗಾದರೆ 1 ಸೆಂ.ಮೀ.ಗೆ 425 ಕಿ.ಮೀ. ಗುಣಿಸಿ ನೋಡಿ, ಸುಮಾರು 14,000 ಕಿ.ಮೀ. ಬರುತ್ತದೆ. ಅಕ್ಷಾಂಶ, ರೇಖಾಂಶ ಹಾಕಿ ಸೂತ್ರದಲ್ಲಿ ಮಾಡಿದರೂ ಇಷ್ಟೇ. ದಾರದ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಸಿಕ್ಕಾಗ ನನಗೇ ನಂಬಿಕೆ ಬರಲಿಲ್ಲ.

ಗಂಟೆಗೆ 900 ಕಿ.ಮೀ. ವೇಗ ಹಿಡಿದರೆ ಹದಿನೈದೂವರೆ ಗಂಟೆ ಸಾಕು. ಮಿಕ್ಕ ಎರಡು ಗಂಟೆ ಎಲ್ಲಿ ಹೋಯಿತು? ವೇಳಾಪಟ್ಟಿಯ ಹೊತ್ತು ಶುರುವಾಗುವುದು ವಿಮಾನ ನಿಂತ ಜಾಗದಿಂದ ಕದಲಿದಾಗ. ರನ್‌ವೇಗೆ ಸಾಗುವುದು, ಮೇಲೇರುವುದು, ಇಳಿಯುವುದು ಎಲ್ಲ ನಿಧಾನ. ದಾರದ ಗೆರೆಯಲ್ಲೇ ಯಾರೂ ಹಾರುವುದಿಲ್ಲ. ಟಿಬೆಟ್‌ನ ಎತ್ತರದ ಬೆಟ್ಟಗಳ ಮೇಲೆ ತುರ್ತಾಗಿ ಕೆಳಗಿಳಿಯುವುದು ಕಷ್ಟ, ಹಾಗಾಗಿ ಸಾಮಾನ್ಯವಾಗಿ ಅದನ್ನು ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಾರೆ. ಗಾಳಿಯದು ಇನ್ನೂ ದೊಡ್ಡ ಪಾತ್ರ. ಜೆಟ್ ಸ್ಟ್ರೀಮ್ ಎಂಬ ಬಹಳ ಎತ್ತರದ ಬಿರುಸು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಅದಕ್ಕೆ ಎದುರಾಗಿ ಹಾರಿದರೆ ಹೊತ್ತೂ ಜಾಸ್ತಿ, ಇಂಧನವೂ ಜಾಸ್ತಿ. ಆ ಮೊದಲ ವಿಮಾನ ಉತ್ತರ ಧ್ರುವದ ಮೇಲೆಯೇ ಹಾರಿತ್ತು, ದಾರದ ಗೆರೆಗಿಂತ ಬಹಳ ಉತ್ತರಕ್ಕೆ.

ಈಗ ಉಲ್ಟಾ ಮಾಡಿ. ಜನವರಿಯಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೆ ಅಲ್ಲಿ ಅದೇ ದಿನ ಸಂಜೆ 4.30. ಜುಲೈಯಲ್ಲಿ ಅವರು ಗಡಿಯಾರ ಒಂದು ಗಂಟೆ ಮುಂದಿಟ್ಟಿರುತ್ತಾರೆ. ಆಗ ಎಷ್ಟು ಗಂಟೆಗೆ ಇಳಿಯುತ್ತೀರಿ? 5.30 ಬಂದರೆ ಸರಿ. 3.30 ಬಂದರೆ ಕೂಡುವ ಕಡೆ ಕಳೆದಿದ್ದೀರಿ.