ವೆಜ್‌ವುಡ್ ತಟ್ಟೆಯ ಬೆನ್ನಿನ ಮೂರು ಅಕ್ಷರ

ಹಳೆಯ ಪಿಂಗಾಣಿಯ ಕಾಲ ಹೇಳುವುದನ್ನು ಕಲಿಯುವವರಿಗೆ ವೆಜ್‌ವುಡ್ ಒಳ್ಳೆಯ ಮೊದಲ ಪಾಠ. ಜೊಸಾಯ ವೆಜ್‌ವುಡ್ 1759ರಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನ ಬರ್ಸ್ಲೆಮ್‌ನಲ್ಲಿ ಸ್ವಂತ ಕೆಲಸ ಶುರುಮಾಡಿ, 1769ರಲ್ಲಿ ಎಟ್ರೂರಿಯಾ ಕಾರ್ಖಾನೆ ತೆರೆದ. ಅವನ ವಂಶದವರು 19ನೇ ಶತಮಾನ ಪೂರ್ತಿ ಅಲ್ಲೇ ಇದ್ದರು. ಹಸಿ ಮಣ್ಣಿಗೇ ‘ವೆಜ್‌ವುಡ್’ ಎಂದು ಅಚ್ಚೊತ್ತುವುದು ಅವರ ರೂಢಿ. ಆದರೆ ಬರೀ ಹೆಸರಿನಿಂದ ವರ್ಷ ತಿಳಿಯುವುದಿಲ್ಲ.

1860ರಿಂದ ಹೆಸರಿನ ಜೊತೆಗೆ ಮೂರು ಅಕ್ಷರಗಳನ್ನು ಒತ್ತತೊಡಗಿದರು. ಮೊದಲನೆಯದು ತಿಂಗಳು, ನಡುವಿನದು ಕುಂಬಾರನ ಗುರುತು, ಕೊನೆಯದು ವರ್ಷ. ವರ್ಷದ ಲೆಕ್ಕ ‘ಓ’ದಿಂದ, ಅಂದರೆ 1860ರಿಂದ, ಹೊರಟು 1871ಕ್ಕೆ ‘ಜೆಡ್’ ಮುಟ್ಟುತ್ತದೆ. 1872ಕ್ಕೆ ಮತ್ತೆ ‘ಎ’, 1897ಕ್ಕೆ ಇನ್ನೊಂದು ‘ಜೆಡ್’. ತೊಡಕು ಇರುವುದು ಇಲ್ಲೇ: ಒಂದೇ ಅಕ್ಷರ 26 ವರ್ಷಗಳ ಅಂತರದಲ್ಲಿ ಮತ್ತೆ ಬರುತ್ತದೆ.

ತಟ್ಟೆಯ ಬೆನ್ನಲ್ಲಿ ‘ಎಂ, ಕೆ, ಆರ್’ ಇದೆ ಎನ್ನಿ. ಎಡದಿಂದ ಓದಿದರೆ ದಾರಿ ತಪ್ಪುತ್ತೀರಿ, ಬಲದಿಂದ ಹಿಡಿಯಿರಿ. ‘ಆರ್’ ಅಂದರೆ 1863, ಇಲ್ಲವೇ 1889. ವರ್ಷ ಇತ್ಯರ್ಥವಾಗದೆ ತಿಂಗಳೂ ಇತ್ಯರ್ಥವಾಗದು. ಏಕೆಂದರೆ ಮೊದಲು ‘ಎಂ’ ಮಾರ್ಚ್ ಆಗಿತ್ತು, ಮೇ ತಿಂಗಳಿಗೆ ‘ವೈ’ ಇತ್ತು. 1864ರಲ್ಲಿ ಪಟ್ಟಿ ಬದಲಾಗಿ ‘ಎಂ’ ಮೇ ಆಯಿತು, ಮಾರ್ಚ್‌ಗೆ ‘ಆರ್’ ಬಂತು. ಹಾಗಾಗಿ ನಮ್ಮ ತಟ್ಟೆ 1863ರ ಮಾರ್ಚ್‌ನದು ಅಥವಾ 1889ರ ಮೇ ತಿಂಗಳಿನದು. ನಡುವಿನ ‘ಕೆ’ಯನ್ನು ಸದ್ಯಕ್ಕೆ ಬಿಡಿ, ಕಾಲ ನಿರ್ಣಯಕ್ಕೆ ಅದರಿಂದ ಪ್ರಯೋಜನವಿಲ್ಲ.

ಇನ್ನು ಬೇರೆ ಸಾಕ್ಷಿ ಹುಡುಕಬೇಕು. ‘ಆರ್‌ಡಿ ನಂ.’ ಎಂದು ವಿನ್ಯಾಸದ ನೋಂದಣಿ ಸಂಖ್ಯೆ ಇದ್ದರೆ ಕೆಲಸ ಸಲೀಸು: ಆ ಪದ್ಧತಿ ಬಂದದ್ದೇ 1884ರಲ್ಲಿ, ಆದ್ದರಿಂದ ತಟ್ಟೆ 1889ರದೇ. ಅದಕ್ಕೂ ಮೊದಲು, 1842ರಿಂದ 1883ರವರೆಗೆ, ನೋಂದಣಿಗೆ ವಜ್ರಾಕಾರದ ಮುದ್ರೆ ಇತ್ತು. ಅದರ ನೆತ್ತಿಯ ವೃತ್ತದಲ್ಲಿ ರೋಮನ್ ನಾಲ್ಕು ಕಂಡರೆ ಪಿಂಗಾಣಿ ವರ್ಗ ಎಂದರ್ಥ. 1867ರವರೆಗೆ ವರ್ಷದ ಅಕ್ಷರ ವಜ್ರದ ಮೇಲ್ಮೂಲೆಯಲ್ಲಿ, 1868ರಿಂದ ಬಲಮೂಲೆಯಲ್ಲಿ. ನೆನಪಿಡಿ, ಅದು ವಿನ್ಯಾಸ ನೋಂದಾಯಿಸಿದ ದಿನ, ತಟ್ಟೆ ಮಾಡಿದ ದಿನವಲ್ಲ. ಒಂದೇ ವಿನ್ಯಾಸವನ್ನು ವರ್ಷಗಟ್ಟಲೆ ಮಾಡುತ್ತಿದ್ದರು.

‘ಇಂಗ್ಲೆಂಡ್’ ಎಂಬ ಪದವೂ ಉಪಯೋಗಕ್ಕೆ ಬರುತ್ತದೆ. ಅಮೆರಿಕದ ಮೆಕಿನ್ಲಿ ಸುಂಕ ಕಾಯ್ದೆಯಿಂದಾಗಿ 1891ರಿಂದ ಅಲ್ಲಿಗೆ ಹೋಗುವ ಸರಕಿನ ಮೇಲೆ ದೇಶದ ಹೆಸರು ಬೇಕಾಯಿತು. ವರ್ಷಾಕ್ಷರ ‘ಎಕ್ಸ್’ ಆಗಿದ್ದು ಪಕ್ಕದಲ್ಲಿ ‘ಇಂಗ್ಲೆಂಡ್’ ಇದ್ದರೆ 1869 ಬಿಟ್ಟು 1895 ಹಿಡಿಯಿರಿ. ಆ ಪದ ಇಲ್ಲ ಎಂಬುದಷ್ಟರಿಂದಲೇ ಹಳೆಯದೆಂದು ತೀರ್ಮಾನಿಸಬೇಡಿ.

1878ರಲ್ಲಿ ಮತ್ತೆ ಶುರುವಾದ ಬೋನ್ ಚೈನಾದ (ಮೂಳೆಬೂದಿ ಬೆರೆಸಿದ ಪಿಂಗಾಣಿ) ಗುರುತೇ ಬೇರೆ: ಪೋರ್ಟ್‌ಲ್ಯಾಂಡ್ ಹೂದಾನಿ ಎಂಬ ಪ್ರಾಚೀನ ರೋಮನ್ ಗಾಜಿನ ಪಾತ್ರೆಯ ಪುಟ್ಟ ಚಿತ್ರ, ಅದೂ ಒತ್ತಿದ್ದಲ್ಲ, ಮುದ್ರಿಸಿದ್ದು.

ಕೊನೆಗೆ ಹೆಸರಿನ ವಿಷಯ. ಜಾನ್ ವೆಜ್ ವುಡ್ ಎಂಬ ಬೇರೊಬ್ಬ ಕುಂಬಾರ ‘ಜೆ. ವೆಜ್‌ವುಡ್’ ಎಂದು ಮುದ್ರಿಸುತ್ತಿದ್ದ. ‘ವೆಜ್’ ಮತ್ತು ‘ವುಡ್’ ನಡುವೆ ಎಷ್ಟೋ ಸಲ ಚುಕ್ಕೆಯೋ ಸಣ್ಣ ಸಂದೋ ಇರುತ್ತದೆ. ಹುಟ್ಟುಹೆಸರೇ ಹಾಗಿರುವಾಗ ಅವನನ್ನು ಪೂರ್ತಿ ಕಳ್ಳ ಎನ್ನಲೂ ಆಗದು! ಸ್ಟಾಕ್‌ಟನ್‌ನ ವಿಲಿಯಂ ಸ್ಮಿತ್ ಕಂಪನಿಗೆ ಆ ನೆಪವೂ ಇರಲಿಲ್ಲ. ವೆಜ್‌ವುಡ್ ಹೆಸರು ಬಳಸದಂತೆ 1848ರಲ್ಲಿ ಕೋರ್ಟು ಅದಕ್ಕೆ ತಡೆಯಾಜ್ಞೆ ಕೊಟ್ಟಿತು. ಹೆಸರಿನ ನಡುವೆ, ‘ಜಿ’ ಆದಮೇಲೆ, ಒಂದು ‘ಇ’ ಹೆಚ್ಚಾಗಿ ಕಂಡರೆ ಅದು ಎಟ್ರೂರಿಯಾದ ಮಾಲಲ್ಲ.